ಫ. ಗು. ಹಳಕಟ್ಟಿಯವರ ಜೀವಿತವೂ ನಮ್ಮ ಮನೆಗಳ ಮಿತವ್ಯಯವೂ



ಮನೆಯ ಖರ್ಚನ್ನು ಮಿತಗೊಳಿಸುವ ರೀತಿಯ ವಿಷಯವಾಗಿ ಏನಾದರೂ ಬರೆಯಬೇಕೆಂದು ತಿಕೋಟಾ ಮತ್ತು ಬಬಲೇಶ್ವರ ಕಡೆಯ ಸಭೆಗಳ ಸಹೋದರಿಯರು ನಮ್ಮನ್ನು ಬಹು ದಿನಗಳಿಂದ ಕೇಳಿಕೊಳ್ಳುತ್ತಿದ್ದಾರೆ. ಆದರೆ ಹಾಗೆ ಮಾಡಿರಿ, ಹೀಗೆ ಮಾಡಬೇಡಿರಿ ಎಂದು ಬರೀ ಬುದ್ಧಿಮಾತು ಹೇಳಿದರೆ ಅದು ಒಂದು ಕಿವಿಯಿಂದ ಹೊಕ್ಕು ಇನ್ನೊಂದು ಕಿವಿಯಿಂದ ಹೊರಟು ಹೋಗುವದು. ಒಬ್ಬ ಮನುಷ್ಯನ ಜೀವಿತವನ್ನು ಕಣ್ಣಮುಂದೆ ಇಟ್ಟರೆ ಅದು ಮನಸ್ಸಿನಲ್ಲಿ ನಿಲ್ಲುವದು. ಆದಕಾರಣ ನಾವು ಈ ಸಾರಿ ನಮ್ಮ ವಿಜಯಪುರದಲ್ಲಿಯೇ ಅರುವತ್ತು ವರುಷ ಬಾಳಿ ಹೋದ ಒಬ್ಬ ಮಹನೀಯರ ಚರಿತ್ರೆಯನ್ನು ಹೇಳಬೇಕೆಂದಿದ್ದೇವೆ. ಅವರು ನಮ್ಮ ಸಭೆಗೆ ಸೇರಿದವರಲ್ಲ, ಲಿಂಗವಂತ ಮತದವರು. ಆದರೂ ಒಳ್ಳೇ ನಡತೆಯನ್ನು ಎಲ್ಲಿ ಕಂಡರೂ ಅದರಿಂದ ಕಲಿಯುವದು ನಮಗೆ ಲಾಭವೇ ಹೊರತು ನಷ್ಟವಲ್ಲ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೇ ಇಸವಿ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ಆಗ ಈ ನಾಡು ದೊಡ್ಡ ಬರಗಾಲವೊಂದರಿಂದ ಆಗತಾನೇ ಎದ್ದು ಕುಳಿತಿತ್ತು. 1876ರಿಂದ 1878ರ ವರೆಗಿನ ಆ ಬರದಲ್ಲಿ ನಮ್ಮ ಜಿಲ್ಲೆಯ ಊರೂರುಗಳು ಬರಿದಾದವು. ಕಾಳಿಲ್ಲದೆ ಜನರು ಗುಳೇ ಹೋದರು. ದನಗಳು ಕೊಟ್ಟಿಗೆಯಲ್ಲಿಯೇ ಸತ್ತವು. ಆ ಕಾಲದಲ್ಲಿ ಬೆಳೆದ ಮಕ್ಕಳಿಗೆ ಒಂದು ಕಾಳಿನ ಬೆಲೆ ಎಷ್ಟೆಂಬದನ್ನು ಯಾರೂ ಬೇರೆ ಕಲಿಸಬೇಕಾಗಿರಲಿಲ್ಲ. ತಂದೆಯವರು ಶಾಲೆಯ ಮಾಸ್ತರರಾಗಿದ್ದರು. ಮಾಸ್ತರರ ಮನೆಯಲ್ಲಿ ಪುಸ್ತಕಗಳಿರಬಹುದು, ಹಣದ ಗಂಟಿರುವದಿಲ್ಲ. ಬಾಲಕನು ಧಾರವಾಡದಲ್ಲಿ ಓದಿ, ಮುಂಬಯಿಗೆ ಹೋಗಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ತರುವಾಯ ಕಾಯಿದೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾದನು. 1904ರಲ್ಲಿ ಅವರು ಆಗ ಬಿಜಾಪುರವೆಂದು ಕರೆಯಲ್ಪಡುತ್ತಿದ್ದ ನಮ್ಮ ವಿಜಯಪುರಕ್ಕೆ ಬಂದು ವಕೀಲಿ ವೃತ್ತಿಯನ್ನು ಹಿಡಿದರು.

ಆ ಕಾಲದಲ್ಲಿ ವಕೀಲಿಯೆಂದರೆ ಏನೆಂಬದನ್ನು ವಾಚಕರು ತಿಳಿದುಕೊಳ್ಳಬೇಕು. ಹೊಲ, ಮನೆ, ಬಂಡಿ, ಆಳುಕಾಳು ಎಲ್ಲವನ್ನೂ ಕೊಡತಕ್ಕ ವೃತ್ತಿ ಅದಾಗಿತ್ತು. ಮುಂದೆ ಹಳಕಟ್ಟಿಯವರು ಸರಕಾರಿ ವಕೀಲರೂ ಆದರು. ಬೇಕೆಂದಿದ್ದರೆ ಅವರು ಊರಿನ ಸಾಹುಕಾರರ ಸಾಲಿನಲ್ಲಿ ಮೊದಲನೆಯವರಾಗಿ ಕುಳಿತುಕೊಳ್ಳಬಹುದಾಗಿತ್ತು. ಹಾಗಿರಲಾಗಿ ಅವರು ಯಾಕೆ ತೇಪೆ ಹಾಕಿದ ಕೋಟನ್ನು ತೊಟ್ಟು, ಸೈಕಲ್ಲಿನ ಮೇಲೆ ಊರೂರು ಅಲೆದು, ಕೊನೆಯಲ್ಲಿ ಬಾಡಿಗೆಯ ಮನೆಯಲ್ಲಿ ಬಾಳಿದರು? ಇದೇ ಈ ಚರಿತ್ರೆಯ ತಿರುಳು.

ವಿಜಯಪುರಕ್ಕೆ ಬಂದ ಆರಂಭದ ದಿನಗಳಲ್ಲಿಯೇ ಅವರು ನೇಕಾರರ ಊರಾದ ರಬಕವಿಗೆ ಹೋಗಿದ್ದರು. ಅಲ್ಲಿ ಮಂಚಾಲೆ ಮನೆತನದವರ ಮನೆಯಲ್ಲಿ ಶರಣರ ವಚನಗಳನ್ನು ಬರೆದಿದ್ದ ತಾಡವೋಲೆಯ ಕಟ್ಟುಗಳನ್ನು ಕಂಡರು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಕೂಡಿದ್ದ ಮಡಿವಾಳ, ಅಂಬಿಗ, ಚಮ್ಮಾರ, ನೇಕಾರ ಮೊದಲಾದ ಕಾಯಕದ ಜನರು ತಮ್ಮ ಭಕ್ತಿಯನ್ನು ಆಡುಮಾತಿನಲ್ಲಿ ಹೇಳಿದ ಆ ಓಲೆಗಳು ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಆದರೆ ಅವುಗಳನ್ನು ಬಿಚ್ಚಿ ಓದುವವರು ಇರಲಿಲ್ಲ. ಹುಳ ತಿಂದು, ಹೊಗೆ ಹಿಡಿದು, ವರುಷಕ್ಕೆ ಒಂದಿಷ್ಟು ನಾಶವಾಗುತ್ತಿದ್ದವು. ಇವುಗಳನ್ನು ಉಳಿಸಬೇಕೆಂದು ಹಳಕಟ್ಟಿಯವರು ಆಗಲೇ ನಿಶ್ಚಯಿಸಿಕೊಂಡರು. ಅಂದಿನಿಂದ ಕೋರ್ಟಿಗೆ ರಜೆ ಬಂದರೆ ಅವರಿಗೆ ವಿಶ್ರಾಂತಿಯಿಲ್ಲ. ಹಳ್ಳಿಹಳ್ಳಿಗೆ ಹೋಗಿ, ಮಠಗಳಲ್ಲಿ ಬೇಡಿ, ಕೊಡಲೊಲ್ಲದವರ ಮನೆಯಲ್ಲಿಯೇ ಕುಳಿತು ನಕಲು ಮಾಡಿ, ಸಾವಿರಕ್ಕೆ ಮಿಕ್ಕಿ ಓಲೆಯ ಕಟ್ಟುಗಳನ್ನು ಕೂಡಿಸಿದರು.

ಅವರು ಹೀಗೆ ಉಳಿಸಿದ ವಚನಕಾರರಲ್ಲಿ ಒಂದು ದಂಪತಿಯ ಕಥೆಯನ್ನು ನಾವು ಇಲ್ಲಿ ಹೇಳಲೇಬೇಕು; ಯಾಕಂದರೆ ಅದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯನೆಂಬವನು ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಿದ್ದನು. ಆದಕಾರಣ ಅವನಿಗೆ ಆಯ್ದಕ್ಕಿ ಮಾರಯ್ಯನೆಂದು ಹೆಸರಾಯಿತು. ಒಂದು ದಿವಸ ಅವನು ದಿನದ ಪಾಲಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅವನ ಹೆಂಡತಿಯಾದ ಲಕ್ಕಮ್ಮನು ಅದನ್ನು ನೋಡಿ, ತಮಗೆ ಬೇಕಾದದ್ದು ಎಂದಿನಷ್ಟೇ, ಮಿಕ್ಕದ್ದು ಆಶೆಯೆಂದು ತಿಳಿಸಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಅಡವಿಯಲ್ಲಿ ಇಸ್ರಾಯೇಲ್ಯರು ಮನ್ನವನ್ನು ಮರುದಿನಕ್ಕೆಂದು ಬಚ್ಚಿಟ್ಟಾಗ ಅದರಲ್ಲಿ ಹುಳ ಬಿದ್ದ ಸಂಗತಿಯನ್ನು ಬಲ್ಲ ನಮ್ಮ ವಾಚಕರಿಗೆ ಈ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಲ್ಲಿದ ಕಾಳನ್ನು ಆಯುವದು ಮಿತವ್ಯಯ. ಆಯ್ದದ್ದನ್ನು ಯಾರಿಗೂ ಮುಟ್ಟದಂತೆ ಹೂತಿಡುವದು ಜಿಪುಣತನ. ಇವೆರಡೂ ದೂರದಿಂದ ನೋಡುವವರಿಗೆ ಒಂದೇ ತರವಾಗಿ ಕಾಣುವವು.

ಕೂಡಿಸಿದ ವಚನಗಳನ್ನು ಅಚ್ಚು ಹಾಕಿಸುವ ಕೆಲಸವು ಕೂಡಿಸುವದಕ್ಕಿಂತ ಕಷ್ಟವಾಯಿತು. ಮೊದಲು ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ ಅದು ಅಚ್ಚಾಗದೆ ಹಿಂದಕ್ಕೆ ಬಂತೆಂದೂ ಅವರ ಚರಿತ್ರೆಯನ್ನು ಬರೆದವರು ತಿಳಿಸಿದ್ದಾರೆ. ಕನ್ನಡಕ್ಕೆ ಬಹು ಸೇವೆ ಸಲ್ಲಿಸಿದ ಆ ಮುದ್ರಣಾಲಯದ ವಿಷಯದಲ್ಲಿ ಇದನ್ನು ಓದುವಾಗ ನಮಗೆ ಸ್ವಲ್ಪ ನಾಚಿಕೆಯಾಗುತ್ತದೆ. ಆದರೂ ಸತ್ಯವನ್ನು ಮುಚ್ಚಿಡುವದು ಸರಿಯಲ್ಲ. ಹಳಕಟ್ಟಿಯವರು ಅದಕ್ಕಾಗಿ ಕೈ ಚೆಲ್ಲಿ ಕೂಡ್ರಲಿಲ್ಲ. ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿದರೆ ಈ ಕೆಲಸವು ತಮ್ಮ ಜೀವಮಾನದಲ್ಲಿ ಮುಗಿಯಲಾರದೆಂದು ತಿಳಿದು, 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ, ಬಂದ ಹಣದಿಂದ ವಿಜಯಪುರದಲ್ಲಿ ಹಿತಚಿಂತಕವೆಂಬ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನೂ ಮರುವರುಷ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಶಿವಾನುಭವವು ಮೂವತ್ತು ವರುಷಗಳಿಗೂ ಮಿಕ್ಕಿ ನಡೆಯಿತು. ಲೇಖನ ಬರೆಯುವದು, ಅಚ್ಚಿನ ತಪ್ಪುಗಳನ್ನು ತಿದ್ದುವದು ಮುಂತಾದ ಕೆಲಸಗಳನ್ನು ಅವರು ತಾವೇ ಮಾಡುತ್ತಿದ್ದರು. ಕೂಲಿ ಉಳಿದರೆ ಇನ್ನೊಂದು ಪುಸ್ತಕಕ್ಕೆ ಕಾಗದವಾಗುವದಷ್ಟೆ.

ಇಲ್ಲಿ ನಾವು ಸ್ವಲ್ಪ ನಿಲ್ಲೋಣ. ಮನೆಯನ್ನು ಮಾರಿದ್ದು ಗಂಡನು. ಆದರೆ ಮಾರಿದ ಮೇಲೆ ಬಾಡಿಗೆಯ ಮನೆಯಲ್ಲಿ ಒಲೆ ಹೂಡಿ ಸಂಸಾರವನ್ನು ಸಾಗಿಸಿದ್ದು ಅವರ ಧರ್ಮಪತ್ನಿಯಾದ ಭಾಗೀರಥೀಬಾಯಿಯವರು. ಮಹಾಪುರುಷರ ಚರಿತ್ರೆಗಳಲ್ಲಿ ಅಡಿಗೆಮನೆಯ ಪ್ರಸ್ತಾಪವು ಅಪರೂಪ. ಆದರೆ ಗಂಡನು ಉಳಿಸಿದನೆಂಬ ಪ್ರತಿಯೊಂದು ರೂಪಾಯಿಯು ಮೊದಲು ಹೆಂಡತಿಯ ಕೈಯಲ್ಲಿಯೇ ಉಳಿದಿರುತ್ತದೆ. ಈ ಮಾತನ್ನು ನಮ್ಮ ಸಭೆಯ ಪುರುಷರು ಮರೆಯಬಾರದು.

ಹಳಕಟ್ಟಿಯವರು ತಮ್ಮ ಮನೆಯ ಮಿತವ್ಯಯದಲ್ಲಿಯೇ ತೃಪ್ತರಾಗಲಿಲ್ಲ. ವಕೀಲರಾದ್ದರಿಂದ ಸಾಲದ ಕಾಗದಗಳನ್ನು ಅವರು ದಿನಾಲು ನೋಡುತ್ತಿದ್ದರು. ನಮ್ಮದು ಮಳೆಯನ್ನು ನಂಬಲಾಗದ ಸೀಮೆ. ಸಾಧಾರಣ ವರುಷದಲ್ಲಿಯೂ 600 ಮಿಲಿಮೀಟರು ಮಳೆಯು ಪೂರಾ ಬೀಳುವದಿಲ್ಲ. ಡೋಣಿ ಹೊಳೆ ಹರಿದರೆ ಓಣಿಯೆಲ್ಲ ಜೋಳವೆಂದು ಜನರು ಹೇಳುವದುಂಟು; ಹರಿಯದ ವರುಷದಲ್ಲಿ ಒಕ್ಕಲಿಗನು ಸಾಹುಕಾರನ ಬಾಗಿಲಿಗೆ ಹೋಗುವನು, ಮತ್ತು ಮೂರು ವರುಷಗಳೊಳಗೆ ಅವನ ಹೊಲವು ಕೋರ್ಟಿಗೆ ಬರುವದು. ಇದನ್ನು ಕಂಡ ಹಳಕಟ್ಟಿಯವರು 1912ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಅದಕ್ಕೆ ಎರಡು ವರುಷ ಮೊದಲು, 1910ರಲ್ಲಿ, ಮಕ್ಕಳ ಓದಿಗಾಗಿ ಆರಂಭವಾದ ವಿದ್ಯಾಸಂಸ್ಥೆಯಲ್ಲಿಯೂ ಅವರೇ ಮುಂದಾಳು, ಇಂದು ಬಿ.ಎಲ್.ಡಿ.ಇ. ಎಂದು ಹೆಸರಾದ ದೊಡ್ಡ ಸಂಸ್ಥೆಯು ಅದೇ. ಸಹಕಾರಿ ಬ್ಯಾಂಕಿನ ಗುಟ್ಟು ಬಹು ಸುಲಭವಾದದ್ದು. ಒಬ್ಬನ ಹತ್ತು ರೂಪಾಯಿ ಅವನ ಪೆಟ್ಟಿಗೆಯಲ್ಲಿದ್ದರೆ ಅದು ಹತ್ತೇ ರೂಪಾಯಿ. ನೂರು ಜನರ ಹತ್ತು ಹತ್ತು ಕೂಡಿದರೆ ಸಾವಿರವಾಗಿ, ಕಷ್ಟದಲ್ಲಿರುವ ಒಬ್ಬನ ಹೊಲವನ್ನು ಉಳಿಸಬಲ್ಲದು. ಮನೆಯ ಉಳಿತಾಯವು ನೆರೆಯವನ ರಕ್ಷಣೆಯಾಗುವ ರೀತಿ ಇದು.

ಇನ್ನು ಈ ಜೀವಿತವನ್ನು ನಮ್ಮ ಒಲೆಯ ಹತ್ತಿರಕ್ಕೆ ತರೋಣ. ತಿಕೋಟಾ ಸುತ್ತಲಿನ ನಮ್ಮ ಜನರಲ್ಲಿ ಅನೇಕರು ದ್ರಾಕ್ಷಿಯ ತೋಟಗಳಲ್ಲಿ ದುಡಿಯುವವರು. ಫೆಬ್ರುವರಿಯಿಂದ ಎಪ್ರಿಲ್ ವರೆಗೆ ದ್ರಾಕ್ಷಿ ಕೊಯ್ದು ಒಣಗಿಸುವ ಕಾಲದಲ್ಲಿ ಕೈತುಂಬ ಕೂಲಿ. ಆ ಮೇಲೆ ಕೆಲವು ತಿಂಗಳು ಕೈ ಖಾಲಿ. ಬಬಲೇಶ್ವರ ಕಡೆಯ ಒಕ್ಕಲಿಗರಿಗೂ ಸುಗ್ಗಿಯಲ್ಲಿ ಬಂದದ್ದು ವರುಷಕ್ಕೆಲ್ಲ ಸಾಲಬೇಕು. ಹಣ ಬಂದ ತಿಂಗಳಲ್ಲಿಯೇ ಹಣವಿಲ್ಲದ ತಿಂಗಳನ್ನು ನೆನೆಸುವವನು ಬುದ್ಧಿವಂತನು. ಸುಗ್ಗಿಯ ದಿನಗಳಲ್ಲಿ ಜೋಳ ಮತ್ತು ತೊಗರಿಯನ್ನು ಒಟ್ಟಿಗೆ ಕೊಂಡು, ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಬೆರಸಿ ಇಟ್ಟುಕೊಂಡರೆ, ಮಳೆಗಾಲದಲ್ಲಿ ಅಂಗಡಿಯವನು ಹೇಳಿದ ಬೆಲೆಗೆ ತರಬೇಕಾಗುವದಿಲ್ಲ.

ನಮ್ಮ ಹಿರಿಯರ ಅಡಿಗೆಯೇ ಮಿತವ್ಯಯದ ಶಾಲೆ. ಕಡಕ ರೊಟ್ಟಿಯನ್ನು ನೋಡಿರಿ. ಒಂದು ದಿನ ಹಂಚು ಕಾಯಿಸಿ ನೂರು ರೊಟ್ಟಿ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವದಿಲ್ಲ. ದಿನಾಲು ಒಲೆ ಹೂಡುವ ಕಟ್ಟಿಗೆಯಾಗಲಿ ಗ್ಯಾಸಾಗಲಿ ಉಳಿಯುತ್ತದೆ, ತಾಯಂದಿರ ಹೊತ್ತೂ ಉಳಿಯುತ್ತದೆ. ಉಳಿದ ರೊಟ್ಟಿಯನ್ನು ಹೊರಗೆ ಚೆಲ್ಲದೆ ಮುರಿದು ಒಗ್ಗರಣೆ ಹಾಕಿದರೆ ಮುಂಜಾನೆಯ ಊಟವಾಯಿತು. ಜೋಳ ಒಡೆದಾಗ ಬರುವ ನುಚ್ಚನ್ನು ಕುದಿಸಿ ಮಜ್ಜಿಗೆ ಕಲಸಿದರೆ ಮಕ್ಕಳೂ ಮುದುಕರೂ ಸುಖವಾಗಿ ಉಣ್ಣುವರು. ತೊಗರಿಬೇಳೆಯನ್ನು ಬೇಯಿಸುವದಕ್ಕೆ ಮುಂಚೆ ನೆನೆಯಿಟ್ಟು, ಪಾತ್ರೆಗೆ ಮುಚ್ಚಳ ಹಾಕಿದರೆ ಉರುವಲು ಬಹಳ ಉಳಿಯುವದು. ಬೇಳೆ ಬೆಂದ ಕಟ್ಟನ್ನು ಬಸಿದು ಸಾರು ಮಾಡಿದರೆ ಒಂದೇ ಬೇಳೆಯಿಂದ ಎರಡು ಪದಾರ್ಥಗಳಾಗುವವು. ಹೊಲದ ಬದುವಿನಲ್ಲಿ ಬೆಳೆಯುವ ಪುಂಡಿಪಲ್ಯೆಗೆ ಕಾಸು ಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಚವಳಿಕಾಯಿ ಬದನೇಕಾಯಿಗಳನ್ನು ಹೆಚ್ಚಿ ಒಣಗಿಸಿಟ್ಟರೆ ಕಾಯಿಪಲ್ಯೆ ತುಟ್ಟಿಯಾದ ದಿನಗಳಲ್ಲಿ ಬರುವವು. ಗುರೆಳ್ಳು, ಅಗಸಿ, ಶೇಂಗಾ ಇವುಗಳ ಹಿಂಡಿಯು ಬರೀ ನಾಲಿಗೆಯ ರುಚಿಯಲ್ಲ. ಜೋಳದಲ್ಲಿ ಕಡಿಮೆಯಿರುವ ಎಣ್ಣೆಯ ಅಂಶವನ್ನು ಅವು ಕೊಡುವವು. ಬರೀ ರೊಟ್ಟಿಗಿಂತ ಬೇಳೆ ಕೂಡಿದ ರೊಟ್ಟಿಯು ಮೈಗೆ ಹೆಚ್ಚು ಬಲವೆಂದು ಈಗಿನ ವೈದ್ಯರೂ ಹೇಳುತ್ತಾರೆ. ಒಂದರಲ್ಲಿ ಕಡಿಮೆಯಾದ ಸತ್ವವು ಇನ್ನೊಂದರಲ್ಲಿ ಇದೆ. ಪಾತ್ರೆ ತೊಳೆದ ನೀರನ್ನು ಹಿತ್ತಲಿನ ಕರಿಬೇವಿಗೂ ಕುಂಬಳದ ಬಳ್ಳಿಗೂ ಹಾಯಿಸಿದರೆ ಅದೂ ವ್ಯರ್ಥವಾಗುವದಿಲ್ಲ.

ತಿಕೋಟಾ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ಮುದುಕಿಯು ಹಿಟ್ಟು ನಾದುವ ಮುಂಚೆ ಎರಡೂ ಹೊತ್ತು ಒಂದೊಂದು ಮುಷ್ಟಿ ಜೋಳವನ್ನು ಬೇರೆ ಗಡಿಗೆಯಲ್ಲಿ ಹಾಕುವದನ್ನು ನಾವು ಕಂಡೆವು. ಒಂದು ಮುಷ್ಟಿಗೆ 50 ಗ್ರಾಮವೆಂದು ಹಿಡಿದರೆ ದಿನಕ್ಕೆ 100 ಗ್ರಾಮ, ವರುಷಕ್ಕೆ ಮೂವತ್ತಾರೂವರೆ ಕಿಲೋ ಆಯಿತು. ಆ ಮನೆಯಲ್ಲಿ ಯಾರೂ ಹಸಿಯಲಿಲ್ಲ. ಆದರೂ ಗಡಿಗೆ ತುಂಬಿತು. ಇದಕ್ಕೆ ವಿರುದ್ಧವಾದ ಲೆಕ್ಕವೂ ಇದೆ. ಸ್ಟ್ಯಾಂಡಿನ ಹತ್ತಿರ ಚಹಾ, ಎಲೆಅಡಿಕೆ, ತಂಬಾಕುಗಳಿಗೆ ಒಬ್ಬ ಮನುಷ್ಯನು ದಿನಕ್ಕೆ 20 ರೂಪಾಯಿ ಕೊಟ್ಟರೆ ವರುಷಕ್ಕೆ 7300 ರೂಪಾಯಿಯಾಗುವದು. ಹೆಂಡತಿಯು ಮುಷ್ಟಿಯಿಂದ ಕೂಡಿಸಿದ್ದನ್ನು ಗಂಡನು ಚಿಟಿಕೆಯಿಂದ ಕಳೆಯುವನು.

ಇನ್ನೊಬ್ಬರ ತಪ್ಪನ್ನು ಹೇಳಿ ನಮ್ಮದನ್ನು ಮುಚ್ಚಿಡುವದು ಉಪದೇಶಕರಿಗೆ ತಕ್ಕದ್ದಲ್ಲ. ಕೆಲವು ವರುಷಗಳ ಹಿಂದೆ ನಮ್ಮ ತಂಗಿಯ ಮದುವೆಯ ಔತಣಕ್ಕಾಗಿ ನಾವು ವಾರದ ಕಂತಿನ ಸಾಲವನ್ನು ತೆಗೆದುಕೊಂಡೆವು. ಎರಡು ಬಗೆ ಸಿಹಿ ಆಗದಿದ್ದರೆ ಬೀಗರು ಏನೆನ್ನುವರೋ ಎಂಬದೇ ನಮ್ಮ ಚಿಂತೆ. ಉಂಡವರು ಅದೇ ಸಾಯಂಕಾಲ ಉಂಡದ್ದನ್ನು ಮರೆತರು. ಕಂತುಗಳು ಮಾತ್ರ ಎರಡು ವರುಷಗಳ ವರೆಗೆ ವಾರವಾರವೂ ಬಾಗಿಲಿಗೆ ಬಂದವು. ಆಗ ನಮ್ಮ ಮನೆಯಲ್ಲಿ ಉಳಿತಾಯ ನಡೆಯಿತೆಂಬದು ನಿಜವೇ. ಆದರೆ ಎಲ್ಲಿಂದ ಉಳಿಯಿತು? ಮಕ್ಕಳ ಹಾಲಿನಿಂದಲೂ ಅವರ ತಾಯಿಯ ತಾಟಿನಿಂದಲೂ ಉಳಿಯಿತು. ಒಂದು ರಾತ್ರಿ ನಾವು ಉಂಡೆದ್ದ ಮೇಲೆ ಆಕೆಯು ಖಾಲಿಯಾದ ಬೋಗುಣಿಯಲ್ಲಿ ನೀರು ಹಾಕಿಕೊಂಡು ಅದರಲ್ಲಿಯೇ ರೊಟ್ಟಿ ಅದ್ದಿ ತಿನ್ನುವದನ್ನು ಕಂಡೆವು. ಅಂದಿನಿಂದ ಮಿತವ್ಯಯವೆಂಬ ಮಾತನ್ನು ಸಭೆಯಲ್ಲಿ ಆಡುವದಕ್ಕೆ ಮುಂಚೆ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳುತ್ತೇವೆ.

ಹಳಕಟ್ಟಿಯವರ ಹರಕು ಕೋಟು ನಮಗೆ ಕಲಿಸುವ ಪಾಠವು ಇದೇ ಆಗಿದೆ. ಖರ್ಚನ್ನು ಕಡಿಮೆ ಮಾಡಬೇಕೆಂದು ಹೇಳುವವನು ಮೊದಲು ತನ್ನ ಮೈಮೇಲಿನ ಬಟ್ಟೆಯಿಂದ, ತನ್ನ ಚಟದಿಂದ, ತನ್ನ ದೊಡ್ಡಸ್ತಿಕೆಯಿಂದ ಆರಂಭಿಸಬೇಕು. ಬಸುರಿಯ ಊಟದಲ್ಲಿ, ಹಾಲೂಡಿಸುವವಳ ಊಟದಲ್ಲಿ, ಕೂಸಿನ ಹಾಲಿನಲ್ಲಿ, ರೋಗಿಯ ಔಷಧದಲ್ಲಿ, ಮಕ್ಕಳ ಪುಸ್ತಕದಲ್ಲಿ ಉಳಿಸತಕ್ಕದ್ದಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಾಯಿ ಉಣ್ಣುವ ವಾಡಿಕೆಯನ್ನು ನಮ್ಮ ಮನೆಗಳಲ್ಲಿ ಬಿಡಬೇಕು; ಪಲ್ಯೆ ಸ್ವಲ್ಪವಿದ್ದರೆ ಸ್ವಲ್ಪವನ್ನೇ ಎಲ್ಲರೂ ಒಟ್ಟಿಗೆ ಕುಳಿತು ಹಂಚಿಕೊಳ್ಳಲಿ. ಎರಡನೆಯದಾಗಿ, ಉಳಿಸಿದ್ದು ಯಾತಕ್ಕೆಂಬದನ್ನು ಗಂಡಹೆಂಡರು ಕೂಡಿ ನಿಶ್ಚಯಿಸಿಕೊಳ್ಳಬೇಕು. ಗುರಿಯಿಲ್ಲದ ಹಣವು ಗಡಿಗೆಯ ತೂತಿನಿಂದ ನೀರು ಹೋದ ಹಾಗೆ ಹೋಗುವದು. ಮಗಳ ಓದಿಗೋ, ಹಳೇ ಸಾಲಕ್ಕೋ, ಒಂದು ಎಮ್ಮೆಗೋ ಎಂದು ಹೆಸರಿಟ್ಟು ಕೂಡಿಸಿದ ಹಣಕ್ಕೆ ಕೈ ಹಾಕಲು ಮನಸ್ಸು ಹಿಂಜರಿಯುವದು. ಸಂತೆಯ ದಿನ ಸಾಯಂಕಾಲ ಓದು ಬಲ್ಲ ಮಗುವಿನಿಂದ ವಾರದ ಖರ್ಚನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಿಸಿರಿ. ಬರೆದ ಲೆಕ್ಕವು ಯಾರಿಗೂ ದಾಕ್ಷಿಣ್ಯ ಮಾಡುವದಿಲ್ಲ.

ನಾವು ಚರಿತ್ರೆಯ ಕೊನೆಗೆ ಬರೋಣ. ಹಳಕಟ್ಟಿಯವರು ಕೀರ್ತಿಯನ್ನು ಹುಡುಕಿಕೊಂಡು ಹೋಗದಿದ್ದರೂ ಕೀರ್ತಿಯು ಅವರನ್ನು ಹುಡುಕಿಕೊಂಡು ಬಂತು. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಮೈಸೂರು ಸೀಮೆಯ ಪ್ರಸಿದ್ಧ ಪಂಡಿತರಾದ ಬಿ. ಎಂ. ಶ್ರೀಕಂಠಯ್ಯನವರು ವಿಜಯಪುರಕ್ಕೆ ಬಂದಾಗ, ಗೋಳಗುಮ್ಮಟವನ್ನು ನೋಡಲು ಕರೆದವರಿಗೆ, ತಾವು ಮೊದಲು ವಚನಗಳ ಗುಮ್ಮಟವನ್ನು ನೋಡಬೇಕೆಂದು ತಿಳಿಸಿ ಹಳಕಟ್ಟಿಯವರ ಮನೆಗೆ ಹೋದರೆಂದು ಹೇಳುವದುಂಟು. ವಾಚಕರೇ, ಇದನ್ನು ಯೋಚಿಸಿರಿ. 1656ರಲ್ಲಿ ತೀರಿಹೋದ ಮಹಮ್ಮದ ಆದಿಲಶಾಹನು ತನ್ನ ಗೋರಿಯ ಮೇಲೆ ಲೋಕವೇ ನೋಡುವಂಥ ಗುಮ್ಮಟವನ್ನು ಕಟ್ಟಿಸಿದನು. ಅದೇ ಊರಿನಲ್ಲಿ ಒಬ್ಬ ವಕೀಲನು ತನಗಿದ್ದ ಒಂದು ಮನೆಯನ್ನೂ ಮಾರಿ, ಏಳೆಂಟು ನೂರು ವರುಷ ಹಿಂದಿನ ಬಡವರ ಮಾತುಗಳಿಗೆ ನೆರಳನ್ನು ಕಟ್ಟಿದನು.

1964ನೇ ಇಸವಿ ಜೂನ್ 29ರಂದು ಹಳಕಟ್ಟಿಯವರು ತೀರಿಕೊಂಡರು. ಇನ್ನು ಮೂರು ದಿನಗಳಿದ್ದರೆ 84 ವರುಷ ತುಂಬುತ್ತಿತ್ತು. ಹೇಳಿಕೊಳ್ಳುವಂಥ ಆಸ್ತಿಯನ್ನು ಅವರು ಬಿಟ್ಟು ಹೋಗಲಿಲ್ಲ. ಆದರೆ ಅವರು ಕೆಲಸವನ್ನು ಕೈಗೊಂಡಾಗ ಐವತ್ತು ಮಂದಿ ವಚನಕಾರರ ಹೆಸರು ಜನರಿಗೆ ತಿಳಿದಿದ್ದರೆ, ಅವರು ಮುಗಿಸಿದಾಗ ಇನ್ನೂರಕ್ಕೂ ಹೆಚ್ಚು ಮಂದಿಯ ಮಾತುಗಳು ಕನ್ನಡಿಗರ ಕೈಗೆ ಬಂದಿದ್ದವು. ಅವರ ಹೆಸರಿನ ಸಂಶೋಧನ ಕೇಂದ್ರವು ವಿಜಯಪುರದಲ್ಲಿ ಇಂದಿಗೂ ಕೆಲಸ ಮಾಡುತ್ತದೆ. ಅವರು ಕಟ್ಟಿದ ಸಹಕಾರಿ ಬ್ಯಾಂಕು ನೂರು ವರುಷಗಳನ್ನು ದಾಟಿದೆ.

ನಾವು ಯಾರೂ ಮುದ್ರಣಾಲಯವನ್ನು ಸ್ಥಾಪಿಸಬೇಕಾಗಿಲ್ಲ, ಮನೆಯನ್ನು ಮಾರಬೇಕಾಗಿಯೂ ಇಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಉಳಿಸತಕ್ಕ ಏನಾದರೊಂದು ಇದ್ದೇ ಇದೆ. ಆ ತಿಕೋಟಾ ಕಡೆಯ ಮುದುಕಿಯ ಗಡಿಗೆಯ ಮಾತನ್ನು ಪೂರ್ಣಗೊಳಿಸಿ ನಾವು ನಿಲ್ಲಿಸುತ್ತೇವೆ. ಹೋದ ಮಳೆಗಾಲದಲ್ಲಿ ಕೂಲಿಯಿಲ್ಲದೆ ಇದ್ದ ನೆರೆಮನೆಯವರಿಗೆ ಆಕೆಯು ಆ ಜೋಳವನ್ನು ಅಳೆದು ಕೊಟ್ಟು, ಸುಗ್ಗಿಯಲ್ಲಿ ಅಷ್ಟನ್ನೇ ಹಿಂದಕ್ಕೆ ತೆಗೆದುಕೊಂಡಳು. ಬಡ್ಡಿಯಾಗಿ ಒಂದು ಕಾಳನ್ನೂ ಹೆಚ್ಚು ಅಳೆಯಲಿಲ್ಲ. ಆ ವರುಷ ಆ ಓಣಿಯಲ್ಲಿ ಒಂದು ಮನೆಯಾದರೂ ವಾರದ ಕಂತಿಗೆ ಸಿಕ್ಕಿಬೀಳದೆ ಉಳಿಯಿತು. ಗಡಿಗೆಯು ಈಗ ಪುನಃ ತುಂಬುತ್ತಾ ಇದೆ.